ಕೊಡಗಿನ ಮನೆಯಂಗಳಕ್ಕೆ ನಿಸ್ತಂತು ಮಳೆಮಾಪಕ: ಆಯ್ಕೆ, ಅಳವಡಿಕೆ ಮತ್ತು ಲೆಕ್ಕ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಅಳೆದು ಬರೆದಿಡುವ ರೂಢಿ ಇಂದು ನಿನ್ನೆಯದಲ್ಲ. ಬೆಳಗಿನ ಹೊತ್ತು ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಹಿಂದಿನ ದಿನದಿಂದ ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರನೆಯ ಒಂದು ಭಾಗ) ಮಳೆಯಾಯಿತೆಂದು ಪುಸ್ತಕದಲ್ಲಿ ಗುರುತು ಮಾಡಿ, ಆಮೇಲೆ ಪಕ್ಕದ ತೋಟದವರಿಗೆ ಫೋನು ಮಾಡಿ ಅವರಲ್ಲಿ ಎಷ್ಟೆಂದು ವಿಚಾರಿಸುವ ಮನೆಗಳು ಈಗಲೂ ಬೇಕಾದಷ್ಟಿವೆ. ನಿಸ್ತಂತು ಮಳೆಮಾಪಕವು ಈ ರೂಢಿಯ ಜೊತೆಗೆ ಸೇರಬೇಕಾದ ಉಪಕರಣ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಹೋಗದೆ ಒಳಗಿನಿಂದಲೇ ಅಂಕಿ ನೋಡಬಹುದೆಂಬುದು ಅದರ ಸಣ್ಣ ಉಪಯೋಗ. ಮಳೆ ಯಾವ ಗಂಟೆಯಲ್ಲಿ ಎಷ್ಟು ರಭಸದಿಂದ ಬಿತ್ತೆಂಬುದನ್ನು ಅದು ತಿಳಿಸುತ್ತದೆ ಎಂಬುದು ದೊಡ್ಡ ಉಪಯೋಗ, ಏಕೆಂದರೆ ರಾತ್ರಿಯಿಡೀ ಹನಿದ 3 ಇಂಚಿಗೂ ಒಂದೂವರೆ ಗಂಟೆಯಲ್ಲಿ ಸುರಿದ 3 ಇಂಚಿಗೂ ಇರುವ ವ್ಯತ್ಯಾಸವನ್ನು ಬೆಳಗಿನ ಗಾಜಿನ ಪಾತ್ರೆ ಹೇಳಲಾರದು.

ಆದರೆ ಹೊಸ ಉಪಕರಣ ಬಂದ ದಿನದಿಂದ ಹಳೆಯ ಪುಸ್ತಕ ನಿಂತುಹೋಗುವುದು, ಒಂದೆರಡು ವರ್ಷಗಳಲ್ಲಿ ಉಪಕರಣ ಕೆಟ್ಟ ಮೇಲೆ ಎರಡೂ ಇಲ್ಲದಂತಾಗುವುದು ಸಾಮಾನ್ಯವಾಗಿ ನಡೆಯುವ ಸಂಗತಿ. ಅಳೆಯುವ ಜಾಗ, ಅಳೆಯುವ ಹೊತ್ತು ಮತ್ತು ಅಳತೆಯ ಮಾನ, ಈ ಮೂರೂ ಹಳೆಯ ಲೆಕ್ಕಕ್ಕೆ ಹೊಂದಿಕೊಂಡರೆ ಮಾತ್ರ ಹೊಸ ಅಂಕಿಗಳನ್ನು ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಲು ಸಾಧ್ಯ. ಮನೆಯಲ್ಲಿ ಹಳೆಯ ಪುಸ್ತಕವೇ ಇಲ್ಲದವರೂ ಇದೇ ಕ್ರಮವನ್ನು ಅನುಸರಿಸುವುದು ಒಳ್ಳೆಯದು, ಏಕೆಂದರೆ ಹವಾಮಾನ ಇಲಾಖೆಯ ಅಂಕಿಗಳೊಡನೆ ಹೋಲಿಸಬೇಕಾದಾಗಲೂ ಇವೇ ಮೂರು ಪ್ರಶ್ನೆಗಳು ಎದುರಾಗುತ್ತವೆ.

ಕೊಳ್ಳುವ ಮೊದಲು

ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ನಿಸ್ತಂತು ಮಳೆಮಾಪಕಗಳ ಒಳಗಿರುವುದು ಒಂದೇ ಬಗೆಯ ಯಂತ್ರ. ಮೇಲಿನ ಆಲಿಕೆಯಲ್ಲಿ ಬಿದ್ದ ನೀರು ಕೆಳಗಿನ ಸಣ್ಣ ರಂಧ್ರದ ಮೂಲಕ ಇಳಿದು, ನಡುವೆ ಕೀಲಿನ ಮೇಲೆ ಕೂತಿರುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದನ್ನು ತುಂಬುತ್ತದೆ. ಒಂದು ಬಟ್ಟಲು ತುಂಬಿದೊಡನೆ ಏತದ ಹಾಗೆ ಒಂದು ಕಡೆ ಬಾಗಿ ನೀರನ್ನು ಚೆಲ್ಲುತ್ತದೆ, ಆ ಹೊತ್ತಿಗೆ ಇನ್ನೊಂದು ಬಟ್ಟಲು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಪ್ರತಿ ಸಲ ಬಾಗುವಾಗಲೂ ಬಟ್ಟಲಿಗೆ ಅಂಟಿಸಿದ ಆಯಸ್ಕಾಂತವು ಪಕ್ಕದ ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸಣ್ಣ ಸ್ವಿಚ್ಚು) ಮುಂದೆ ಹಾದುಹೋಗುವುದರಿಂದ ಒಂದು ಎಣಿಕೆ ಸೇರುತ್ತದೆ. ಆ ಎಣಿಕೆಯನ್ನು ರೇಡಿಯೊ ಮೂಲಕ ಮನೆಯೊಳಗಿನ ಪರದೆಗೆ ಕಳಿಸಲಾಗುತ್ತದೆ. ಇದನ್ನೇ ಟಿಪ್ಪಿಂಗ್ ಬಕೆಟ್ ಮಾದರಿ ಎನ್ನುತ್ತಾರೆ. ಒಂದು ಸಲ ಬಾಗಿದರೆ ಎಷ್ಟು ಮಳೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ: 0.1, 0.2, 0.254, 0.3 ಮಿಲಿಮೀಟರ್ ಹೀಗೆ.

ತೋಟದ ಲೆಕ್ಕ ಸೆಂಟಿನಲ್ಲಿರುವವರು ಈ ಅಂಕಿಯನ್ನು ಮೊದಲು ನೋಡಬೇಕು. ಒಂದು ಇಂಚಿಗೆ 100 ಸೆಂಟು, ಒಂದು ಇಂಚು ಎಂದರೆ 25.4 ಮಿಲಿಮೀಟರ್, ಆದ್ದರಿಂದ ಒಂದು ಸೆಂಟು 0.254 ಮಿಲಿಮೀಟರಿಗೆ ಸಮ. ಸಲಕ್ಕೆ 0.254 ಮಿಲಿಮೀಟರ್ ಎಣಿಸುವ ಉಪಕರಣ ಸೆಂಟು ಸೆಂಟಾಗಿ ಲೆಕ್ಕ ಕೊಡುತ್ತದೆ, 0.3 ಎಣಿಸುವ ಉಪಕರಣ ಸುಮಾರು 1.2 ಸೆಂಟಿನ ಹೆಜ್ಜೆಗಳಲ್ಲಿ ಏರುತ್ತದೆ. ಮುಂಗಾರಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹೂಮಳೆಯ ಕಾಲದಲ್ಲಿ ಕೂಡ ಬೇಕಾಗುವುದು ಇಂಚಿನ ಲೆಕ್ಕದ ನಿಖರತೆಯೇ: ರೊಬಸ್ಟಾ ಕಾಫಿಯ ಹೂ ಅರಳಲು ಸುಮಾರು ಒಂದು ಇಂಚು ಮಳೆ ಬೇಕಾಗಿರುವಾಗ ಬಿದ್ದದ್ದು 60 ಸೆಂಟೋ 95 ಸೆಂಟೋ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂಬ ತೀರ್ಮಾನ ನಿಂತಿರುತ್ತದೆ. ಆ ತೀರ್ಮಾನಕ್ಕೆ 0.3ರ ಉಪಕರಣವೂ ಸಾಕು. ಆಲಿಕೆಯ ಬಾಯಿ ಅಗಲವಾಗಿರುವುದು ಇದಕ್ಕಿಂತ ಹೆಚ್ಚು ಮುಖ್ಯ. ಅಂಗೈಯಷ್ಟೂ ಇಲ್ಲದ ಬಾಯಿಯ ಮಾಪಕಗಳಲ್ಲಿ ಒಂದೆರಡು ಎಲೆ ಬಿದ್ದರೂ ಲೆಕ್ಕ ತಪ್ಪುತ್ತದೆ.

ಬಟ್ಟಲುಗಳೇ ಇಲ್ಲದೆ, ಹನಿಗಳು ಮೇಲ್ಮೈಗೆ ಬಡಿಯುವ ಪೆಟ್ಟಿನಿಂದ ಮಳೆಯನ್ನು ಅಂದಾಜು ಮಾಡುವ ಉಪಕರಣಗಳೂ ಈಗ ಬಂದಿವೆ. ಅವುಗಳಲ್ಲಿ ಕಸ ಕಟ್ಟುವ ತೊಂದರೆ ಇಲ್ಲ, ನಿಜ. ಆದರೆ ಮಡಿಕೇರಿ, ಸೋಮವಾರಪೇಟೆಯ ಕಡೆ ದಿನಗಟ್ಟಲೆ ಹಿಡಿಯುವ ಸೋನೆಯಲ್ಲಿ ಹನಿ ತೀರ ಸಣ್ಣದಾಗಿರುವುದರಿಂದ ಅವು ಕಡಿಮೆ ತೋರಿಸುವ ಸಂಭವವಿದೆ. ದೀರ್ಘಕಾಲದ ಲೆಕ್ಕ ಇಡುವವರಿಗೆ ಬಟ್ಟಲಿನ ಮಾದರಿಯನ್ನೇ ನಾನು ಸೂಚಿಸುತ್ತೇನೆ.

ರೇಡಿಯೊ ಆವರ್ತನವನ್ನೂ (ಫ್ರೀಕ್ವೆನ್ಸಿ) ಪೆಟ್ಟಿಗೆಯ ಮೇಲೆ ಓದಿಕೊಳ್ಳಬೇಕು. ಭಾರತದಲ್ಲಿ 433ರಿಂದ 434 ಮೆಗಾಹರ್ಟ್ಸ್ ಮತ್ತು 865 ಮೆಗಾಹರ್ಟ್ಸಿನಿಂದ ಮೇಲಿನ ಒಂದು ಕಿರಿದಾದ ಪಟ್ಟಿಯಲ್ಲಿ, ನಿಗದಿತ ಅಲ್ಪ ಶಕ್ತಿಯ ಮಿತಿಯೊಳಗೆ, ಪರವಾನಗಿ ಇಲ್ಲದೆ ಇಂಥ ಉಪಕರಣಗಳನ್ನು ಬಳಸಬಹುದು. ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ತರಿಸಿದ ಉಪಕರಣ 915 ಮೆಗಾಹರ್ಟ್ಸಿನದಾಗಿದ್ದರೆ ಅದು ಈ ವಿನಾಯಿತಿಯ ಹೊರಗೆ ಉಳಿಯುತ್ತದೆ. ತೋಟದ ಮನೆಗಳಿಗೆ 433ರ ಮಾದರಿ ಇನ್ನೊಂದು ಕಾರಣಕ್ಕೂ ಒಳ್ಳೆಯದು: ಆವರ್ತನ ಕಡಿಮೆಯಾದಷ್ಟೂ ಸಂಕೇತವು ಎಲೆ, ಗೋಡೆಗಳ ನಡುವೆ ಹೆಚ್ಚು ಸುಲಭವಾಗಿ ದಾಟುತ್ತದೆ.

ಜಾಗದ ಹುಡುಕಾಟ

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ ಇದು. ಮಳೆಮಾಪಕದ ಸುತ್ತಲಿನ ಮರ, ಮನೆ, ಶೆಡ್ಡುಗಳು ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ನಿಯಮ. ಇದನ್ನು ಅಳೆಯಲು ಟೇಪು ಬೇಕಾಗಿಲ್ಲ. ಮಾಪಕ ಇಡಬೇಕೆಂದಿರುವ ಜಾಗದಲ್ಲಿ, ಅದರ ಬಾಯಿ ಬರುವ ಎತ್ತರಕ್ಕೆ ಮೊಬೈಲನ್ನು ಹಿಡಿದು, ಅದರಲ್ಲಿರುವ ಕೋನ ಅಳೆಯುವ ಸೌಲಭ್ಯದಿಂದ ಸುತ್ತಲಿನ ಮರಗಳ ತುದಿಯನ್ನು ನೋಡಿದಾಗ ಕೋನವು ಸುಮಾರು 27 ಡಿಗ್ರಿಯ ಒಳಗಿದ್ದರೆ ನಿಯಮ ಪಾಲನೆಯಾದಂತೆ. ಈ ನಿಯಮವನ್ನು ಕಾಫಿ ತೋಟದ ನಡುವೆ ಅಕ್ಷರಶಃ ಪಾಲಿಸುವುದು ಕಷ್ಟ. 25 ಮೀಟರ್ ಎತ್ತರದ ಸಿಲ್ವರ್ ಓಕ್ ಇದ್ದಲ್ಲಿ 50 ಮೀಟರ್ ಬಯಲು ಬೇಕು, ಅಷ್ಟು ಬಯಲು ಇರುವುದು ಗದ್ದೆಯಲ್ಲಿ ಮಾತ್ರ. ಹಾಗಾಗಿ ಕನಿಷ್ಠ ಮರದ ಎತ್ತರದಷ್ಟಾದರೂ, ಅಂದರೆ 45 ಡಿಗ್ರಿಯ ಒಳಗಾದರೂ, ಆಕಾಶ ತೆರೆದಿರುವ ಜಾಗವನ್ನು ಹುಡುಕಿ, ಯಾವ ದಿಕ್ಕಿನಲ್ಲಿ ಯಾವ ಮರ ಎಷ್ಟು ಡಿಗ್ರಿಯಲ್ಲಿದೆ ಎಂಬುದನ್ನು ಮಳೆಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕು. ಮುಂಗಾರು ಗಾಳಿ ಬೀಸುವ ಪಶ್ಚಿಮ ಮತ್ತು ನೈಋತ್ಯ ದಿಕ್ಕು ತೆರೆದಿದ್ದರೆ, ಪೂರ್ವದ ಕಡೆ ತುಸು ರಾಜಿ ಮಾಡಿಕೊಳ್ಳಬಹುದು. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿದ ವರ್ಷಕ್ಕೂ ಮಾಡದ ವರ್ಷಕ್ಕೂ ಅಂಕಿಯಲ್ಲಿ ವ್ಯತ್ಯಾಸ ಬರಬಹುದಾದ್ದರಿಂದ ಅದರ ದಿನಾಂಕವನ್ನೂ ಅಲ್ಲೇ ಸೇರಿಸಬೇಕು.

ಬಹುಪಾಲು ಮನೆಗಳಲ್ಲಿ ಕಾಫಿ ಒಣಗಿಸುವ ಕಣದ ಅಂಚೇ ಸರಿಯಾದ ಜಾಗವೆಂದು ನನ್ನ ಅನಿಸಿಕೆ. ಬಿಸಿಲಿಗಾಗಿ ಮೊದಲೇ ಮರ ತೆಗೆದಿರುವ ಸಮತಟ್ಟು ನೆಲ ಅದು, ಮನೆಗೂ ಹತ್ತಿರ. ಆದರೆ ಸಿಮೆಂಟಿನ ನೆಲಕ್ಕೆ ಬಡಿದ ಹನಿ ಮೇಲಕ್ಕೆ ಚಿಮ್ಮಿ ಆಲಿಕೆಗೆ ಸೇರುವುದರಿಂದ ಕಣದ ಮೇಲೆಯೇ ಇಡದೆ, ಹುಲ್ಲಿರುವ ಪಕ್ಕದಲ್ಲಿ ನಿಲ್ಲಿಸಬೇಕು. ಮನೆಯ ಮಾಡಿನ ಮೇಲೆ ಅಥವಾ ತಾರಸಿಯ ಕಂಬಿಗೆ ಕಟ್ಟುವ ಆಸೆ ಅನೇಕರಿಗೆ ಬರುತ್ತದೆ. ಸಂಕೇತ ಚೆನ್ನಾಗಿ ಸಿಗುತ್ತದೆ, ಮಂಗ ನಾಯಿಗಳ ಕಾಟವೂ ತಪ್ಪುತ್ತದೆ ಎಂದು. ಅಲ್ಲಿ ಗೋಡೆಗೆ ಬಡಿದ ಗಾಳಿ ಮೇಲೆದ್ದು ಸುಳಿಯಾಗುವುದರಿಂದ ಹನಿಗಳು ಮಾಪಕದ ಬಾಯಿಯನ್ನು ದಾಟಿ ಹಾರಿಹೋಗುತ್ತವೆ, ಗಾಳಿಮಳೆ ಜೋರಾದಷ್ಟೂ ಲೆಕ್ಕ ಕಡಿಮೆಯಾಗುತ್ತದೆ. ಬಾಳೆಗಿಡದ ಎಲೆ ತೊಟ್ಟಿಕ್ಕುವಲ್ಲಿ, ಮಾಡಿನ ಅಂಚಿನ ನೀರು ಸಿಡಿಯುವಲ್ಲಿ ಇಡಬಾರದೆಂದು ಹೇಳಬೇಕಾಗಿಲ್ಲ. ಸ್ಪ್ರಿಂಕ್ಲರಿನ ನೀರು ತಲುಪುವ ವ್ಯಾಪ್ತಿಯನ್ನು ಮಾತ್ರ ಮರೆಯುವವರು ಹೆಚ್ಚು: ಮಾರ್ಚಿನಲ್ಲಿ ಪಕ್ಕದ ಬ್ಲಾಕಿಗೆ ನೀರು ಹಾಕಿದ ದಿನ ಪರದೆಯ ಮೇಲೆ ಮುಕ್ಕಾಲು ಇಂಚು ಹೂಮಳೆ ಕಾಣಿಸಿಕೊಳ್ಳುತ್ತದೆ.

ಗುಡ್ಡದ ನೆತ್ತಿಯ ಮೇಲೂ ಇಳಿಜಾರಿನ ತುದಿಯಂಚಿನಲ್ಲೂ ಗಾಳಿ ಹೆಚ್ಚಿರುವುದರಿಂದ ಅವು ಒಳ್ಳೆಯ ಜಾಗಗಳಲ್ಲ. ಒಳಕ್ಕೆ ಸರಿದ, ಸ್ವಲ್ಪ ಆಸರೆಯಿರುವ ಸಮತಟ್ಟೇ ಉತ್ತಮ.

ಸಂಕೇತ ತಲುಪುತ್ತದೆಯೇ

ಕಂಬ ಹೂಳುವ ಮೊದಲು ಈ ಪ್ರಶ್ನೆ ತೀರಬೇಕು. ಪೆಟ್ಟಿಗೆಯ ಮೇಲೆ 100 ಮೀಟರ್ ಎಂದು ಬರೆದಿದ್ದರೆ ಅದು ನಡುವೆ ಏನೂ ಅಡ್ಡವಿಲ್ಲದ ಬಯಲಿನ ಮಾತು. ಹಳೆಯ ಮನೆಗಳ ದಪ್ಪ ಗೋಡೆ, ತಗಡಿನ ಮಾಡು, ಕಬ್ಬಿಣದ ಬೀರು, ನಡುವೆ ನಿಂತ ಜೀಪು ಇವೆಲ್ಲ ಆ ದೂರವನ್ನು ಕಡಿಮೆ ಮಾಡುತ್ತವೆ. ತಗಡಿನ ಹಿಂದೆ ಸಂಕೇತ ಬಹುತೇಕ ಸತ್ತೇಹೋಗುತ್ತದೆ. ಅದಕ್ಕಾಗಿ ಒಳಗಿನ ಪರದೆಯನ್ನು ಮಾಪಕ ಇರುವ ದಿಕ್ಕಿನ ಕಿಟಕಿಯ ಬಳಿ, ಫ್ರಿಜ್, ಇನ್‌ವರ್ಟರ್, ಟಿವಿಗಳಿಂದ ಒಂದೆರಡು ಮೀಟರ್ ದೂರದಲ್ಲಿ ಇಡಬೇಕು.

ಮೊದಲು ಎರಡೂ ಘಟಕಗಳನ್ನು ಒಂದೇ ಮೇಜಿನ ಮೇಲೆ ತುಸು ಅಂತರದಲ್ಲಿಟ್ಟು, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿಯೇ ಬ್ಯಾಟರಿ ಹಾಕಬೇಕು. ಕೆಲವು ಮಾದರಿಗಳಲ್ಲಿ ಹೊರಘಟಕಕ್ಕೆ ಮೊದಲು, ಕೆಲವುಗಳಲ್ಲಿ ಪರದೆಗೆ ಮೊದಲು ಹಾಕಬೇಕಾಗುತ್ತದೆ, ಮತ್ತು ಪರದೆಯು ಹೊರಘಟಕವನ್ನು ಹುಡುಕುವುದು ಬ್ಯಾಟರಿ ಹಾಕಿದ ಮೊದಲ ಕೆಲವು ನಿಮಿಷ ಮಾತ್ರ. ಹೊರಘಟಕಕ್ಕೆ ಒಳ್ಳೆಯ ಆಲ್ಕಲೈನ್ ಅಥವಾ ಲಿಥಿಯಂ ಸೆಲ್ಲುಗಳೇ ಬೇಕು. ಮನೆಯಲ್ಲಿ ಬಿದ್ದಿರುವ ರೀಚಾರ್ಜ್ ಸೆಲ್ಲುಗಳ ವೋಲ್ಟೇಜು 1.5ರ ಬದಲು 1.2 ಆಗಿರುವುದರಿಂದ ಸಂಕೇತ ಬಲಹೀನವಾಗುತ್ತದೆ. ಒಳಗೆ ಬಟ್ಟಲು ಅಲ್ಲಾಡದಂತೆ ಕಾರ್ಖಾನೆಯಲ್ಲಿ ಹಾಕಿದ ಟೇಪು, ಸ್ಪಂಜು ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ಈಗಲೇ ತೆಗೆಯಬೇಕು. ಆಮೇಲೆ ಬಟ್ಟಲನ್ನು ಬೆರಳಿನಿಂದ ನಿಧಾನವಾಗಿ 10 ಸಲ ಬಾಗಿಸಿದರೆ 0.3ರ ಮಾದರಿಯಲ್ಲಿ ಪರದೆ 3 ಮಿಲಿಮೀಟರ್ ತೋರಿಸಬೇಕು. ತೋರಿಸಿದರೆ ಯಂತ್ರವೂ ರೇಡಿಯೊವೂ ಸರಿಯಾಗಿವೆ.

ನಂತರ ಹೊರಘಟಕವನ್ನು ಆರಿಸಿದ ಜಾಗದಲ್ಲಿ ಒಂದು ಸ್ಟೂಲಿನ ಮೇಲಿಟ್ಟು ಒಂದು ದಿನ ಹಾಗೆಯೇ ಬಿಡಬೇಕು. ಸಂಕೇತ ಕಡಿದುಹೋಗದೆ ಬಂದರೂ ಅಷ್ಟಕ್ಕೇ ತೃಪ್ತರಾಗದೆ, ಅದನ್ನು ಇನ್ನೂ ಹತ್ತಿಪ್ಪತ್ತು ಮೀಟರ್ ಆಚೆಗೆ ಒಯ್ದು ನೋಡುವುದು ಉಪಯುಕ್ತ. ಏಪ್ರಿಲಿನ ಒಣ ಎಲೆಗಳ ನಡುವೆ ದಾಟುವ ಸಂಕೇತವು ಜುಲೈಯ ತೊಯ್ದ ಎಲೆಗಳ ನಡುವೆ ಕುಗ್ಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಇಷ್ಟು ಹೆಚ್ಚುವರಿ ದೂರಕ್ಕೆ ತಲುಪುವ ಜಾಗ ಮಾತ್ರ ಮಳೆಗಾಲದಲ್ಲಿ ಕೈಕೊಡುವುದಿಲ್ಲ.

ಇದೇ ಸಮಯದಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಿ ಮುಗಿಸಬಹುದು. ಪರದೆಯನ್ನು ಆರಿಸಿಟ್ಟು, ಬಟ್ಟಲನ್ನು ಒಂದಷ್ಟು ಸಲ ಬಾಗಿಸಿ, ಮತ್ತೆ ಪರದೆಯನ್ನು ಚಾಲೂ ಮಾಡಿದಾಗ ಆ ಎಣಿಕೆ ಸೇರುತ್ತದೆಯೇ ಎಂದು ನೋಡಬೇಕು. ಅನೇಕ ಮಾದರಿಗಳಲ್ಲಿ ಹೊರಘಟಕವೇ ಒಟ್ಟು ಎಣಿಕೆಯನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಕಳಿಸುವುದರಿಂದ ಸಂಕೇತ ತಪ್ಪಿದ ಅವಧಿಯ ಮಳೆ ಕಳೆದುಹೋಗುವುದಿಲ್ಲ. ಯಾವ ಗಂಟೆಯಲ್ಲಿ ಬಿತ್ತೆಂಬ ವಿವರ ಮಾತ್ರ ಹೋಗುತ್ತದೆ. ಹಾಗಿಲ್ಲದ ಮಾದರಿಗೆ ಕರೆಂಟು ಹೋದಾಗಲೂ ಪರದೆ ನಡೆಯುವಂತೆ ಬ್ಯಾಟರಿ ಇರಲೇಬೇಕು. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ, ಮತ್ತು ಅಳೆಯಲೇಬೇಕಾದ ಮಳೆ ಬೀಳುವುದೂ ಆ ದಿನಗಳಲ್ಲಿಯೇ. ವೈಫೈ ಮೂಲಕ ಅಂಕಿ ಕಳಿಸುವ ಮಾದರಿಯಾದರೆ ರೌಟರನ್ನೂ ಇನ್‌ವರ್ಟರಿಗೆ ಸೇರಿಸಬೇಕು. ಮೊಬೈಲ್ ಟವರೇ ನಿಂತಾಗ ಅದರಿಂದಲೂ ಪ್ರಯೋಜನವಿಲ್ಲ, ಆದ್ದರಿಂದ ಒಳಗಿನ ಪರದೆಯೇ ಇಲ್ಲದೆ ಪೂರ್ತಿ ಮೊಬೈಲ್ ಆ್ಯಪನ್ನು ಅವಲಂಬಿಸಿದ ಉಪಕರಣಗಳನ್ನು ಕೊಡಗಿನ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಕಂಬ ಮತ್ತು ಮಟ್ಟ

ಹವಾಮಾನ ಇಲಾಖೆಯ ಸಾಮಾನ್ಯ ಮಳೆಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನೆಲಕ್ಕೆ ಹತ್ತಿರವಾದಷ್ಟೂ ಗಾಳಿಯ ಹೊಡೆತ ಕಡಿಮೆ ಎಂಬುದೇ ಅದಕ್ಕೆ ಕಾರಣ. ಆದರೆ ಮಳೆಗಾಲದಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುವ ಕಳೆ, ಸಿಡಿಯುವ ಕೆಸರು ಮತ್ತು ನಾಯಿಗಳ ನಡುವೆ ಆ ಎತ್ತರವನ್ನು ಕಾಯ್ದುಕೊಳ್ಳುವುದು ಮನೆಯವರಿಗೆ ಸುಲಭವಲ್ಲ, ರೇಡಿಯೊ ಸಂಕೇತವೂ ನೆಲದ ಹತ್ತಿರ ಕುಗ್ಗುತ್ತದೆ. ಗಾಳಿಗೆ ಸ್ವಲ್ಪ ಆಸರೆಯಿರುವ ಜಾಗವಾದರೆ ಒಂದು ಮೀಟರ್ ಎತ್ತರ ತಕ್ಕ ರಾಜಿ. ಹಳೆಯ ಮಳೆಮಾಪಕ ಇರುವ ಮನೆಯಲ್ಲಿ ಮಾತ್ರ ಹೊಸದನ್ನು ಅದರ ಪಕ್ಕದಲ್ಲಿಯೇ, ಒಂದೆರಡು ಮೀಟರ್ ಅಂತರದಲ್ಲಿ, ಸಾಧ್ಯವಾದಷ್ಟು ಅದೇ ಎತ್ತರಕ್ಕೆ ನಿಲ್ಲಿಸಬೇಕು.

ಒಂದೂವರೆ ಇಂಚಿನ ಜಿಐ ಪೈಪನ್ನು ಒಂದೂವರೆ ಅಡಿ ಆಳಕ್ಕೆ ಇಳಿಸಿ ಕಾಂಕ್ರೀಟು ಹಾಕಿದರೆ ಸಾಕಾಗುತ್ತದೆ. ಮರದ ಗೂಟ ಎರಡು ಮಳೆಗಾಲದಲ್ಲಿ ಗೆದ್ದಲು ಹಿಡಿದು ವಾಲುತ್ತದೆ, ಸಪೂರ ಪೈಪು ಗಾಳಿಗೆ ನಡುಗಿ ಮಳೆಯಿಲ್ಲದೆಯೇ ಬಟ್ಟಲನ್ನು ಬಾಗಿಸುತ್ತದೆ. ಆಲಿಕೆಯ ಬಾಯಿ ಪೈಪಿನ ತುದಿಗಿಂತಲೂ ಹಿಡಿಕೆಗಿಂತಲೂ ಮೇಲಿರಬೇಕು, ಇಲ್ಲದಿದ್ದರೆ ಅವುಗಳಿಗೆ ಬಡಿದ ನೀರು ಒಳಗೆ ಸಿಡಿಯುತ್ತದೆ. ಕಾಂಕ್ರೀಟು ಒಣಗಿದ ಮೇಲೆ, ಮೇಸ್ತ್ರಿಗಳು ಬಳಸುವ ರಸಮಟ್ಟವನ್ನು ಆಲಿಕೆಯ ಬಾಯಿಯ ಮೇಲೆ ಮೊದಲು ಒಂದು ದಿಕ್ಕಿಗೆ, ಆಮೇಲೆ ಅದಕ್ಕೆ ಅಡ್ಡಲಾಗಿ ಇಟ್ಟು ಎರಡೂ ಕಡೆ ಗುಳ್ಳೆ ನಡುವೆ ನಿಲ್ಲುವವರೆಗೆ ಸರಿಪಡಿಸಬೇಕು. ಮಾಪಕ ವಾಲಿದರೆ ಬಾಯಿಯ ಅಗಲ ಕಡಿಮೆಯಾಗುವುದು ಸಣ್ಣ ತೊಂದರೆ. ಒಂದು ಬಟ್ಟಲು ಬೇಗನೆಯೂ ಇನ್ನೊಂದು ತಡವಾಗಿಯೂ ಬಾಗುವುದೇ ಹೆಚ್ಚಿನ ತೊಂದರೆ. ಮುಚ್ಚಳವನ್ನು ಮಂಗಗಳು ಕಿತ್ತೊಯ್ಯದಂತೆ ತೆಳುವಾದ ತಂತಿಯಿಂದ ಕಟ್ಟಬಹುದು. ಆನೆ ಬರುವ ದಾರಿಯಲ್ಲಿ ತೋಟವಿರುವವರಿಗೆ ಹೇಳಬಲ್ಲ ಉಪಾಯ ನನ್ನಲ್ಲಿಲ್ಲ.

ಸಲೈನ್ ನಳಿಕೆಯ ಪರೀಕ್ಷೆ

ಹೊಸ ಉಪಕರಣದ ಅಂಕಿಯನ್ನು ಪರೀಕ್ಷಿಸದೆ ನಂಬಬಾರದು, ಪರೀಕ್ಷೆಯೂ ಕಷ್ಟದ್ದಲ್ಲ. ಆಲಿಕೆಯ ಬಾಯಿಯ ಒಳವ್ಯಾಸವನ್ನು ಅಳೆದು ಅರ್ಧ ಮಾಡಿ, ಆ ತ್ರಿಜ್ಯವನ್ನು ಅದರಿಂದಲೇ ಗುಣಿಸಿ 3.14ರಿಂದ ಮತ್ತೆ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ. ಉದಾಹರಣೆಗೆ ವ್ಯಾಸ 11 ಸೆಂಟಿಮೀಟರ್ ಆಗಿದ್ದರೆ ವಿಸ್ತೀರ್ಣ ಸುಮಾರು 95 ಚದರ ಸೆಂಟಿಮೀಟರ್. ಅದರ ಹತ್ತನೆಯ ಒಂದು ಭಾಗ, ಅಂದರೆ 9.5 ಮಿಲಿಲೀಟರ್ ನೀರು, ಒಂದು ಮಿಲಿಮೀಟರ್ ಮಳೆಗೆ ಸಮ. 190 ಮಿಲಿಲೀಟರ್ ನೀರನ್ನು ನಿಧಾನವಾಗಿ ಇಳಿಸಿದರೆ ಪರದೆ 20 ಮಿಲಿಮೀಟರ್ ತೋರಿಸಬೇಕು.

ನಿಧಾನವಾಗಿ ಎಂಬುದು ಇಲ್ಲಿ ಮುಖ್ಯ. ಲೋಟದಿಂದ ಸುರಿದರೆ ಬಟ್ಟಲು ಬಾಗುವ ಹೊತ್ತಿನಲ್ಲಿಯೂ ನೀರು ಬೀಳುತ್ತಲೇ ಇದ್ದು ಲೆಕ್ಕ ತಪ್ಪುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ನಳಿಕೆ ಇದಕ್ಕೆ ಹೇಳಿಮಾಡಿಸಿದಂತಿದೆ. ದೊಡ್ಡವರಿಗೆ ಬಳಸುವ ನಳಿಕೆಯಲ್ಲಿ ಸಾಮಾನ್ಯವಾಗಿ 20 ಹನಿಗೆ ಒಂದು ಮಿಲಿಲೀಟರ್ ಆಗುವುದರಿಂದ, ನಿಮಿಷಕ್ಕೆ ಸುಮಾರು 63 ಹನಿಯಂತೆ ಬಿಟ್ಟರೆ ಒಂದು ಗಂಟೆಯಲ್ಲಿ ನೀರು ಮುಗಿಯುತ್ತದೆ. ಗಂಟೆಗೆ 20 ಮಿಲಿಮೀಟರ್ ಮಳೆಯ ರಭಸ ಅದು. ಪರದೆ 19ರಿಂದ 21ರ ನಡುವೆ ತೋರಿಸಿದರೆ ಹಾಗೆಯೇ ಬಿಡಬಹುದು. ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಮೊದಲು ಮಟ್ಟವನ್ನು ಮತ್ತೊಮ್ಮೆ ನೋಡಿ, ಆಮೇಲೆ ಪರದೆಯಲ್ಲಿ ಗುಣಕವನ್ನು (ಅಂಕಿಯನ್ನು ಸರಿಪಡಿಸಲು ಗುಣಿಸುವ ಸಂಖ್ಯೆ) ಬದಲಿಸುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು. ಬಟ್ಟಲಿನ ಕೆಳಗೆ ತಿರುಪುಗಳಿರುವ ಮಾದರಿಯಲ್ಲಿ ಎರಡನ್ನೂ ಒಂದೇ ಸಮನಾಗಿ ಮೇಲಕ್ಕೆತ್ತಿದರೆ ಬಟ್ಟಲು ಬೇಗ ಬಾಗಿ ಅಂಕಿ ಏರುತ್ತದೆ, ಇಳಿಸಿದರೆ ಅಂಕಿ ಇಳಿಯುತ್ತದೆ.

ಇಷ್ಟಾದರೂ ಬಿರುಸು ಮಳೆಯಲ್ಲಿ ಈ ಯಂತ್ರ ಸ್ವಲ್ಪ ಕಡಿಮೆಯೇ ಎಣಿಸುತ್ತದೆ. ಗಂಟೆಗೆ 120 ಮಿಲಿಮೀಟರ್ ರಭಸದ ಮಳೆಯಲ್ಲಿ 0.3ರ ಬಟ್ಟಲು 9 ಸೆಕೆಂಡಿಗೊಮ್ಮೆ ಬಾಗುತ್ತಿರುತ್ತದೆ. ಬಾಗಲು ಹಿಡಿಯುವ ಸೆಕೆಂಡಿನ ಒಂದು ಅಂಶದಲ್ಲಿ ಬಿದ್ದ ನೀರು ಆಗಲೇ ತುಂಬಿದ ಬಟ್ಟಲಿಗೇ ಸೇರಿ ವ್ಯರ್ಥವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬಟ್ಟಲು ತುಂಬುವಷ್ಟೂ ಬೀಳದ ತುಂತುರಿನ ನೀರು ಬಿಸಿಲು ಬಂದಾಗ ಆರಿಹೋಗುತ್ತದೆ. ಈ ಎರಡೂ ಕೊರತೆಗಳಿಗೆ ಪರಿಹಾರ ಒಂದೇ: ಪಕ್ಕದಲ್ಲಿ ಒಂದು ಸಾದಾ ಮಾಪಕ. ತೋಟದ ಹಳೆಯ 5 ಇಂಚು ಬಾಯಿಯ ಮಾಪಕವಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಇಲ್ಲದವರು ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ನೇರ ಡಬ್ಬಿಯನ್ನಿಟ್ಟು, ನಿಂತ ನೀರಿನ ಆಳವನ್ನು ಸ್ಕೇಲಿನಿಂದ ಅಳೆದರೂ ಆದೀತು. ಒಂದು ಇಡೀ ಮಳೆಗಾಲ ಎರಡನ್ನೂ ಓದಿ, ಸಾದಾ ಮಾಪಕದ ಒಟ್ಟನ್ನು ನಿಸ್ತಂತು ಮಾಪಕದ ಒಟ್ಟಿನಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಆ ಮನೆಯ, ಆ ಜಾಗದ ನಿಜವಾದ ಗುಣಕ. ಅದನ್ನು ಪರದೆಗೆ ತುಂಬಿಸುವುದಕ್ಕಿಂತ ಪುಸ್ತಕದಲ್ಲಿ ಬೇರೆಯಾಗಿ ಬರೆದಿಟ್ಟು, ಕಚ್ಚಾ ಅಂಕಿಯನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲು.

ಬೆಳಗಿನ 8.30ರ ಲೆಕ್ಕ

ಹವಾಮಾನ ಇಲಾಖೆಯಲ್ಲಿ ಮಳೆಯ ದಿನ ಮುಗಿಯುವುದು ಬೆಳಗಿನ 8.30ಕ್ಕೆ, ಹಿಂದಿನ ದಿನದ 8.30ರಿಂದ ಇಂದಿನ 8.30ರವರೆಗಿನ ಮಳೆ ಇಂದಿನ ದಿನಾಂಕದಲ್ಲಿ ಸೇರುತ್ತದೆ. ನಿಸ್ತಂತು ಮಳೆಮಾಪಕದ ಪರದೆ ಸಾಮಾನ್ಯವಾಗಿ ಮಧ್ಯರಾತ್ರಿ 12ಕ್ಕೆ ತನ್ನ ದಿನವನ್ನು ಮುಗಿಸಿ ಸೊನ್ನೆಗೆ ಮರಳುತ್ತದೆ. ರಾತ್ರಿ 10ರಿಂದ ಬೆಳಗಿನ 4ರವರೆಗೆ ಸುರಿದ ಒಂದೇ ಮಳೆ ಪರದೆಯಲ್ಲಿ ಎರಡು ದಿನಕ್ಕೆ ಹಂಚಿಹೋಗಿ, ಪುಸ್ತಕದಲ್ಲಿ ಒಂದೇ ದಿನದ್ದಾಗಿ ಕಾಣುವುದು ಇದರಿಂದಲೇ. ಎರಡು ಅಂಕಿಗಳು ಹೊಂದುವುದಿಲ್ಲವೆಂದು ಉಪಕರಣವನ್ನು ದೂರುವವರು ಮೊದಲು ಇದನ್ನು ಪರಿಶೀಲಿಸಬೇಕು. ದಿನದ ಆರಂಭವನ್ನು ಬದಲಿಸುವ ಸೌಲಭ್ಯ ಪರದೆಯಲ್ಲಿ ಇಲ್ಲದಿದ್ದರೆ, ಒಟ್ಟು ಮಳೆ ಎಂದು ತೋರಿಸುವ, ಎಂದೂ ಸೊನ್ನೆಯಾಗದ ಅಂಕಿಯನ್ನು ಪ್ರತಿದಿನ 8.30ಕ್ಕೆ ಬರೆದುಕೊಂಡು ಹಿಂದಿನ ದಿನದ ಅಂಕಿಯನ್ನು ಕಳೆದರೆ ಸಾಕು. ಮನೆಯ ರೂಢಿ 7 ಗಂಟೆಯದಾಗಿದ್ದರೆ 7 ಗಂಟೆಯನ್ನೇ ಮುಂದುವರಿಸಬೇಕು.

ಪುಸ್ತಕ ಸೆಂಟಿನಲ್ಲಿದ್ದರೆ ಮಿಲಿಮೀಟರನ್ನು 0.254ರಿಂದ ಭಾಗಿಸಬೇಕು, 38.1 ಮಿಲಿಮೀಟರ್ ಎಂದರೆ ಒಂದೂವರೆ ಇಂಚು. ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮತ್ತು ಅದಕ್ಕಿಂತ ಮೇಲೆ ಅತ್ಯಂತ ಭಾರಿ. ತೋಟದ ಭಾಷೆಗೆ ತಂದರೆ ಇವು ಸುಮಾರು ಎರಡೂವರೆ, ನಾಲ್ಕೂವರೆ ಮತ್ತು ಎಂಟು ಇಂಚು. ಎಚ್ಚರಿಕೆಯ ಗಂಟೆ ಇರುವ ಪರದೆಯಲ್ಲಿ ಈ ಅಂಕಿಗಳನ್ನೇ ತುಂಬಬಹುದು. ದಿನಾಂಕದ ಪಕ್ಕದಲ್ಲಿ ಮಳೆ ನಕ್ಷತ್ರಕ್ಕೂ ಒಂದು ಕಾಲಂ ಇಟ್ಟರೆ, ಆರಿದ್ರಾ ಎಷ್ಟು, ಪುನರ್ವಸು ಎಷ್ಟು ಎಂದು ಹಿರಿಯರು ಕೇಳಿದಾಗ ಕೂಡಿಸಿ ಹೇಳುವುದು ಸುಲಭವಾಗುತ್ತದೆ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿರುವಾಗ ಮನೆಯಲ್ಲಿ ಇನ್ನೊಂದೇಕೆ ಎಂಬ ಪ್ರಶ್ನೆ ಸಹಜ. ಮಡಿಕೇರಿಯಿಂದ 30 ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆಯಿಲ್ಲ. ಪಶ್ಚಿಮಕ್ಕೆ ಹೋದರೆ ಭಾಗಮಂಡಲದಲ್ಲಿ ಮಡಿಕೇರಿಗಿಂತ ಎಷ್ಟೋ ಹೆಚ್ಚು. ಒಂದೇ ಪಂಚಾಯಿತಿಯೊಳಗೂ ಬೆಟ್ಟದ ಈಚೆ ಆಚೆ ಅಂಕಿ ಬೇರೆಯಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದ ಮೇಲೆ ತಮ್ಮ ಇಳಿಜಾರಿನ ಮಳೆಯನ್ನು ತಾವೇ ತಿಳಿದುಕೊಳ್ಳಬೇಕೆಂಬ ಬಯಕೆ ಅನೇಕರಲ್ಲಿ ಮೂಡಿದ್ದು ಅರ್ಥವಾಗುವಂಥದ್ದು. ಹಾಗೆಂದು ಮನೆಯ ಅಂಕಿ ಕಡಿಮೆಯಿದೆಯೆಂಬ ಧೈರ್ಯದಲ್ಲಿ ಜಿಲ್ಲಾಡಳಿತದ ಸೂಚನೆಯನ್ನು ಮೀರುವಂತಿಲ್ಲ. ಮಣ್ಣು ಹಿಂದಿನ ದಿನಗಳಲ್ಲಿ ಎಷ್ಟು ನೀರು ಕುಡಿದಿದೆ, ಇಳಿಜಾರನ್ನು ಎಲ್ಲಿ ಕಡಿಯಲಾಗಿದೆ ಎಂಬುದನ್ನು ಯಾವ ಮಳೆಮಾಪಕವೂ ಅಳೆಯುವುದಿಲ್ಲ.

ಮಳೆಗಾಲದ ಆರೈಕೆ

ಮೇ ತಿಂಗಳ ಕೊನೆಯಲ್ಲಿ ಆಲಿಕೆಯನ್ನು ಬಿಚ್ಚಿ ತೊಳೆದು, ಬಟ್ಟಲುಗಳನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಹಳೆಯ ಸೆಲ್ಲು ಇನ್ನೂ ನಡೆಯುತ್ತಿದ್ದರೂ ಹೊಸದನ್ನು ಹಾಕಬೇಕು. ಸೆಲ್ಲು ತೆಗೆದಾಗ ಒಟ್ಟು ಎಣಿಕೆ ಸೊನ್ನೆಯಾಗುವ ಮಾದರಿಗಳಿರುವುದರಿಂದ ಮೊದಲು ಅಂಕಿಯನ್ನು ಬರೆದುಕೊಳ್ಳಬೇಕು. ಕೀಲಿಗೆ ಎಣ್ಣೆ ಬಿಡಬಾರದು. ಅದು ದೂಳನ್ನು ಹಿಡಿದುಕೊಂಡು ಬಟ್ಟಲನ್ನು ಜಡವಾಗಿಸುತ್ತದೆ. ಮುಂಗಾರು ಹಿಡಿದ ಮೇಲೆ ವಾರಕ್ಕೊಮ್ಮೆ ಆಲಿಕೆಯ ಜಾಲರಿಯಲ್ಲಿ ಕೂತ ಎಲೆ, ಹಕ್ಕಿಯ ಹಿಕ್ಕೆ, ಪಾಚಿಗಳನ್ನು ತೆಗೆಯಬೇಕು, ಕೆಳಗಿನ ನೀರು ಹೋಗುವ ತೂತುಗಳಲ್ಲಿ ಜೇಡರ ಬಲೆ ಕಟ್ಟಿದೆಯೇ ಎಂದು ನೋಡಬೇಕು. ಆಲಿಕೆ ಕಟ್ಟಿಕೊಂಡಿರುವುದನ್ನು ಪರದೆಯ ಮೇಲೆಯೂ ಗುರುತಿಸಬಹುದು: ಹೊರಗೆ ಮಳೆ ಜೋರಾಗಿ, ನಿಂತು, ಮತ್ತೆ ಜೋರಾಗುತ್ತಿದ್ದರೂ ಪರದೆ ಗಂಟೆಗಟ್ಟಲೆ ಒಂದೇ ಸಮನಾದ ಸಣ್ಣ ಮಳೆಯನ್ನು ತೋರಿಸುತ್ತಿದ್ದರೆ, ನಿಂತ ನೀರು ಕಸದ ನಡುವೆ ಜಿನುಗುತ್ತಿದೆಯೆಂದೇ ಅರ್ಥ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಯಾವ ಕೆಲಸಕ್ಕೂ ಕಬ್ಬಿಣದ ಕಂಬದ ಬಳಿಗೆ ಹೋಗಬಾರದು.

ಶುಚಿ ಮಾಡುವಾಗ ಬಟ್ಟಲು ಬಾಗಿ ಸುಳ್ಳು ಮಳೆ ಸೇರುವುದನ್ನು ತಪ್ಪಿಸಲಾಗದು. ಮೊದಲಿನ ಮತ್ತು ನಂತರದ ಒಟ್ಟು ಅಂಕಿಗಳನ್ನು ಬರೆದು, ವ್ಯತ್ಯಾಸವನ್ನು ಆ ದಿನದ ಲೆಕ್ಕದಿಂದ ಕಳೆಯಬೇಕು. ಉಪಕರಣ ಕೆಟ್ಟ ದಿನದ ಅಂಕಿಯನ್ನು ಸಾದಾ ಮಾಪಕದಿಂದ ತುಂಬಿ, ಹಾಗೆ ತುಂಬಿದ್ದೆಂದು ಪಕ್ಕದಲ್ಲಿ ಗುರುತು ಹಾಕಬೇಕು. ಎರಡೂ ಇಲ್ಲದ ದಿನ ಪುಸ್ತಕದಲ್ಲಿ ಆ ದಿನದ ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಸೊನ್ನೆ ಬರೆದರೆ ಮಳೆಯೇ ಬಂದಿಲ್ಲವೆಂದು ಮುಂದೆ ಪುಸ್ತಕ ತೆರೆದವರು ತಿಳಿಯುತ್ತಾರೆ, ಪಕ್ಕದ ತೋಟದ ಅಂಕಿ ಬರೆದರೆ ಅದನ್ನು ನಮ್ಮದೆಂದೇ ಕೂಡಿಸುತ್ತಾರೆ.